ಎರಡು ಯಂತ್ರಗಳ ನಡುವೆ ನನ್ನ ಎಡಗಣ್ಣು

ನನ್ನ ಎಡಗಣ್ಣಿನ ಬಗ್ಗೆ ನನಗಿಂತ ಹೆಚ್ಚು ತಿಳಿದ ಯಂತ್ರಗಳು ಎರಡಿವೆ. ತೊಂದರೆ ಏನೆಂದರೆ, ಅವೆರಡಕ್ಕೂ ಒಮ್ಮತವಿಲ್ಲ.

ನನಗೆ ಗ್ಲಾಕೋಮಾ. ನೋವಿಲ್ಲ, ಕೆಂಪಿಲ್ಲ, ಕಣ್ಣಿನ ನರ ಸದ್ದಿಲ್ಲದೆ ಸವೆಯುತ್ತದೆ, ಹೋದ ನೋಟ ಮತ್ತೆ ಬರುವುದಿಲ್ಲ. ಹಾಗಾಗಿ ಆಗಾಗ ಧಾರವಾಡದ ಕಣ್ಣಾಸ್ಪತ್ರೆಯಲ್ಲಿ ಎರಡು ಪರೀಕ್ಷೆ. ಸ್ಕ್ಯಾನ್‌ನಲ್ಲಿ ಗದ್ದ ಊರಿ ಕೂತರೆ ಸಾಕು, ಯಂತ್ರವೇ ನರದ ಪದರು ಎಷ್ಟು ದಪ್ಪ ಎಂದು ಅಳೆಯುತ್ತದೆ. ಫೀಲ್ಡ್ ಟೆಸ್ಟ್‌ನಲ್ಲಿ ಕೆಲಸವೆಲ್ಲ ನನ್ನದು. ಒಂದು ಕಣ್ಣು ಮುಚ್ಚಿ, ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ನಡುವೆ ದಿಟ್ಟಿಸುತ್ತ, ಬೆಳಕಿನ ಚುಕ್ಕೆ ಎಲ್ಲಿ ಕಂಡರೂ ಗುಂಡಿ ಒತ್ತಬೇಕು. ಕೇಶ್ವಾಪುರದಲ್ಲಿ ಸೀರೆ ಅಂಗಡಿ ಇಟ್ಟು, ಮುಸ್ಸಂಜೆಯಲ್ಲೂ ಬಣ್ಣದ ಛಾಯೆ ಬಿಡಿಸಿ ಹೇಳುವ ನನ್ನನ್ನು ಚುಕ್ಕೆ ಕಂಡಿತೇ ಎಂದು ಕೇಳುವುದೇ?

ಈ ಸಲ ಸ್ಕ್ಯಾನ್, ಹೆಚ್ಚೇನೂ ಬದಲಾಗಿಲ್ಲ ಎಂದಿತು. ಫೀಲ್ಡ್ ಟೆಸ್ಟ್ ಹಾಳೆಯಲ್ಲಿ ಅರ್ಧ ಕಪ್ಪು, ಅಂದರೆ ಅಲ್ಲೆಲ್ಲ ನನಗೆ ಚುಕ್ಕೆ ಕಂಡಿಲ್ಲ. ಡಾಕ್ಟರಮ್ಮ ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು.

“ಒಂದಕ್ಕೊಂದು ಹೊಂದವಲ್ವು. ಮುಂದಿನ ವಾರ ಫೀಲ್ಡ್ ಟೆಸ್ಟ್ ಮತ್ತ ಮಾಡೋಣ್ರಿ.”

“ಹಂಗಾರ ಯಾವುದು ಖರೇರಿ?”

“ಅದನ್ನ ತಿಳಕೊಳ್ಳಾಕನ ಮತ್ತ ಮಾಡೂದ್ರಿ.”

ಹೊರಗೆ ಬೆಂಚಿನ ಮೇಲೆ ರಾಯಾಪುರದ ಗ್ಯಾರೇಜಿನ ಹುಸೇನಸಾಬ ಕೂತಿದ್ದ. ಅವನಿಗೂ ಇದೇ ಕಾಯಿಲೆ. ನನ್ನ ಹಾಳೆ ನೋಡಿ, “ನಂದು ಉಲ್ಟಾ ಐತ್ರಿ ಮಾಲಕರ. ಸ್ಕ್ಯಾನ್ ಕೆಟ್ಟೈತಿ, ಫೀಲ್ಡ್ ಛಲೋ ಐತಿ. ನರ ಮೊದಲ ಸವೀತೈತಂತ, ನಮಗ ಆಮ್ಯಾಲೆ ಗೊತ್ತಾಗ್ತೈತಂತ” ಎಂದ. ಯಾರು ಯಾರಿಗೆ ಸಮಾಧಾನ ಹೇಳಬೇಕೆಂದು ತಿಳಿಯದೆ ಇಬ್ಬರೂ ಚಹಾ ಕುಡಿದೆವು.

ಮನೆಯಲ್ಲಿ ಹೆಂಡತಿ ಶಾಂತಾ ಸ್ಕೂಟರಿನ ಕೀಲಿ ತೆಗೆದಿಟ್ಟಳು. ನಾನು ಬಲಗಣ್ಣು ಮುಚ್ಚಿ ಗೋಡೆ ನೋಡುವುದೇ ಕೆಲಸವಾಯಿತು. ಬೆಳಿಗ್ಗೆ ಗೋಡೆ ಪೂರ್ತಿ ಇರುತ್ತಿತ್ತು, ಸಂಜೆಗೆ ಅರ್ಧ ಮಾಯ. ಅಂಗಡಿಯಲ್ಲಿ ಗಿರಾಕಿ ಹಸಿರು ಸೀರೆ ಕೇಳಿದರೆ, ತೆಗೆದುಕೊಟ್ಟು, “ಇದು ಹಸರ ಹೌದಲ್ಲರಿ?” ಎಂದು ನಾನೇ ಕೇಳಿದೆ. ಆಕೆ ಪಕ್ಕದ ಅಂಗಡಿಗೆ ಹೋದಳು.

ಮುಂದಿನ ವಾರ ಶಾಂತಾಳೊಂದಿಗೆ ಬಸ್ಸಿನಲ್ಲಿ ಹೋಗಬೇಕಿತ್ತು. ಅವಳಿಗೆ ಬಸ್ಸು ಹತ್ತಿದರೆ ವಾಂತಿ. ಕೊನೆಗೆ ಹಗಲು ಹೊತ್ತೆಂದು ಅವಳೇ ಕೀಲಿ ಕೊಟ್ಟಳು, ನಿಧಾನವಾಗಿ ಸ್ಕೂಟರಿನಲ್ಲೇ ಧಾರವಾಡ ಮುಟ್ಟಿದೆವು. ಪರೀಕ್ಷೆ ಮಾಡುವ ಹುಡುಗಿ ನನ್ನನ್ನು ಕಂಡವಳೇ, “ಕಾಕಾರ, ಹ್ವಾದ ಸಲ ಉಂಡು ಬಂದು ತೂಕಡಿಸಿದ್ರಿ. ಎಬ್ಬಿಸಿ ಎಬ್ಬಿಸಿ ಸಾಕಾತು. ಇವತ್ತ ಎಚ್ಚರ ಇರ್ರಿ” ಎಂದಳು. ಶಾಂತಾ ನನ್ನತ್ತ ನೋಡಿದ ನೋಟಕ್ಕೆ ಯಾವ ಕಾಯಿಲೆಯೂ ಇರಲಿಲ್ಲ.

ಈ ಸಲ ಎಚ್ಚರವಿದ್ದೆ, ಕಷ್ಟ ಕಡಿಮೆಯಾಗಲಿಲ್ಲ. ಚುಕ್ಕೆ ಬಂತೆ, ಬಂದಂತೆ ಅನ್ನಿಸಿತೆ? ಒತ್ತಿದ ಮೇಲೆ ಅನುಮಾನ, ಒತ್ತದಿದ್ದರೆ ಇನ್ನೂ ಅನುಮಾನ.

ಹೊಸ ಹಾಳೆಯಲ್ಲಿ ಆ ಕಪ್ಪು ಬಣ್ಣವೆಲ್ಲ ಹೋಗಿ ಮೇಲ್ಭಾಗದಲ್ಲಿ ಒಂದು ಸಣ್ಣ ಕಲೆ ಉಳಿದಿತ್ತು. “ಸ್ಕ್ಯಾನ್‌ನ್ಯಾಗ ಕೆಳಗಿನ ನರ ಒಂಚೂರು ತೆಳ್ಳಗಾಗೇತಿ, ಇಲ್ಲಿ ಮ್ಯಾಲಿನ ನೋಟ ಮಂದ ಆಗೇತಿ. ಈಗ ಹೊಂದಿದ್ವು ನೋಡ್ರಿ,” ಎಂದರು ಡಾಕ್ಟರಮ್ಮ.

“ಕೆಳಗ ತೆಳ್ಳಗಾದ್ರ ಮ್ಯಾಲ ಯಾಕ್ರಿ ಮಂದ?”

“ಕಣ್ಣಿನ್ಯಾಗ ಚಿತ್ರ ತಲಿಕೆಳಗ ಬೀಳ್ತೈತ್ರಿ.”

ಅಂತೂ ಎರಡೂ ಒಪ್ಪಿದವಲ್ಲ ಎಂದು ಖುಷಿಪಟ್ಟೆ. ಒಪ್ಪಿದ್ದು ಏನನ್ನು ಎಂಬುದು ಹೊಳೆಯಲು ತುಸು ಹೊತ್ತು ಹಿಡಿಯಿತು. ಕಾಯಿಲೆ ಒಂದು ಹೆಜ್ಜೆ ಮುಂದೆ ಹೋಗಿತ್ತು. ದಿನಾ ಹಾಕುವ ಕಣ್ಣಿನ ಹನಿಯ ಜೊತೆಗೆ ಇನ್ನೊಂದು ಔಷಧಿ ಸೇರಿತು. ಬಲಗಣ್ಣು ಚೆನ್ನಾಗಿದ್ದು ಎಡಗಣ್ಣಿನ ಕೊರತೆ ತುಂಬುತ್ತಿರುವುದರಿಂದ, ಹಗಲಲ್ಲಿ ಸ್ಕೂಟರ್ ಓಡಿಸಲು ಅಡ್ಡಿಯಿಲ್ಲ ಎಂದರು.

ಹೊರಗೆ ಬಂದು ಶಾಂತಾ ಹಿಂದೆ ಕೂತಳು. “ನೀವು ಹೊಡೀರಿ. ಎಡಗಡೆ ನಾ ನೋಡ್ತೇನಿ.” ಕಲೆ ಇರುವುದು ಎಡಗಣ್ಣಿನ ಮೇಲ್ಭಾಗದಲ್ಲಿ, ರಸ್ತೆಯ ಎಡಭಾಗದಲ್ಲಲ್ಲ ಎಂದು ವಿವರಿಸಹೋಗಿ, ನಡುವೆ ನಾನೇ ದಾರಿ ತಪ್ಪಿ ಸ್ಕೂಟರ್ ಚಾಲೂ ಮಾಡಿದೆ.

ಉಣಕಲ್ ಕೆರೆಯ ಹತ್ತಿರ ಅವಳು ಕೂಗಿದಳು, “ಎಮ್ಮಿ ಬಂತ್ರಿ!”

ಬ್ರೇಕ್ ಹಾಕಿದೆ.

“ಕಾಣಿಸ್ತೇನ್ರಿ?”

“ಕಾಣಿಸ್ತು,” ಎಂದೆ. ತಾನಾಗಿ ಕಂಡಿತೋ, ಅವಳು ಹೇಳಿದ್ದರಿಂದ ಕಂಡಿತೋ, ನನಗೆ ಈಗಲೂ ತಿಳಿಯದು. ಎಮ್ಮೆ ಮಾತ್ರ ಕ್ಷೇಮವಾಗಿ ರಸ್ತೆ ದಾಟಿತು.