ಊದದೆ ದಾಟಿದ ಮನೆ

ಅವರ ಬಲಗೈ ಹೆಬ್ಬೆರಳಿನ ಪಕ್ಕದಲ್ಲಿ ಹುಣಸೆಬೀಜದಷ್ಟು ದೊಡ್ಡ ಗಂಟೊಂದಿತ್ತು. ಕ್ಲಾರಿನೆಟ್ಟಿನ ಭಾರವೆಲ್ಲ ಕೂರುವುದು ಅಲ್ಲೇ. ಹಗಲು ಗವಂಡಿ ಕೆಲಸ ಮಾಡುತ್ತಿದ್ದುದರಿಂದ ಉಳಿದ ಬೆರಳುಗಳು ಸಿಮೆಂಟಿಗೆ ಒಡೆದು ಬೂದು ಬಣ್ಣಕ್ಕೆ ತಿರುಗಿದ್ದವು. ಆ ಗಂಟು ಮಾತ್ರ ಹಳದಿಯಾಗಿ, ನುಣುಪಾಗಿ, ಬೇರೆ ಯಾರದೋ ಕೈಯಿಂದ ತಂದು ಅಂಟಿಸಿದ ಹಾಗಿತ್ತು. ಬಲಗೈ ಎಂದು ನೆನಪಿನಿಂದ ಹೇಳುತ್ತಿಲ್ಲ. ಆ ವಾದ್ಯವನ್ನು ಹಿಡಿಯುವುದೇ ಹಾಗೆ, ಆದ್ದರಿಂದ ಬಲಗೈಯೇ ಇರಬೇಕು. ಅವರ ಬಗ್ಗೆ ನನಗೆ ಖಚಿತವಾಗಿ ಗೊತ್ತು ಎಂದುಕೊಂಡಿರುವ ಎಷ್ಟೋ ಸಂಗತಿಗಳು ಹೀಗೆ ಆಮೇಲೆ ಲೆಕ್ಕ ಹಾಕಿ ಕೂಡಿಸಿದವು.

ಅಂಕೋಲೆಯ ಸುತ್ತ ಎಲ್ಲರೂ ಅವರನ್ನು ಬ್ಯಾಂಡ್ ಮಾಸ್ತರು ಎನ್ನುತ್ತಿದ್ದರು. ಬೊಬ್ರುವಾಡದಲ್ಲಿ, ರಸ್ತೆಗೆ ತಾಗಿದ ಮನೆ. ಮದುವೆ ದಿಬ್ಬಣ, ಗಣಪತಿ ಮುಳುಗಿಸುವುದು, ಶಾಲೆಯ ಮೆರವಣಿಗೆ, ಯಾವುದಕ್ಕೆ ಕರೆದರೂ ಬರುತ್ತಿದ್ದರು. ಮೇಲೆ ಬ್ಯಾಂಡಿನ ಕೆಂಪು ಕೋಟು, ಕೆಳಗೆ ತಮ್ಮದೇ ಪ್ಯಾಂಟು, ಕಾಲಿಗೆ ರಬ್ಬರ್ ಚಪ್ಪಲಿ. ಊದುವ ರೀತಿ ಒಂದೇ, ಜೋರಾಗಿ. ಸಿನಿಮಾ ಹಾಡೋ ಭಜನೆಯೋ, ಅವರು ಊದಿದ ಮೇಲೆ ಎಲ್ಲವೂ ಒಂದೇ ಹಾಡು. ಶ್ರುತಿ ಯಾವಾಗಲೂ ಕೂದಲೆಳೆಯಷ್ಟು ಏರಿಯೇ ಇರುತ್ತಿತ್ತು. ಒಮ್ಮೆ ಅದನ್ನು ಹೇಳಿದ್ದಕ್ಕೆ, "ಏರ್ಲಿ ಬಿಡಾ. ದಿಬ್ಬಣದ ಹಿಂದೆ ಕುಂಟ್ತಾ ಬರೋ ಅಜ್ಜಿಗೆ ಕೇಳ್ಬೇಕು" ಎಂದಿದ್ದರು.

ನಾನು ಕ್ಲಾರಿನೆಟ್ ಕಲಿತದ್ದು ಕಾರವಾರದ ಸೋದರಮಾವನಿಂದ. ಮಾವ ಮರಾಠಿ ನಾಟಕದ ಹಾಡುಗಳಿಗೆ ಸಾಥ್ ಕೊಡುತ್ತಿದ್ದವರು. ಕಿಟಕಿ ಮುಚ್ಚಿ, ಒಂದೇ ಸ್ವರ ಹಿಡಿಸಿ ಇಡೀ ಬೆಳಗು ಕೂರಿಸುತ್ತಿದ್ದರು. ಕೈ ನಡುಗಲು ಶುರುವಾದ ಮೇಲೆ ತಮ್ಮ ವಾದ್ಯವನ್ನೇ ನನಗೆ ಕೊಟ್ಟರು. ಅಂಕೋಲೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಸಂಜೆ ಹಿತ್ತಿಲ ಕೋಣೆಯಲ್ಲಿ ಒಬ್ಬನೇ ಊದುತ್ತಿದ್ದೆ. ಕೇಳುವವರು ಇರಲಿಲ್ಲ. ಶುದ್ಧ ಸಂಗೀತವೆಂದರೆ ಅದೇ ಎಂದುಕೊಂಡಿದ್ದೆ.

ತುಳಸಿ ಮದುವೆಗೆ ಸ್ವಲ್ಪ ಮುಂಚೆ, ಇನ್ನೇನು ಊರಲ್ಲಿ ಮದುವೆಗಳು ಶುರುವಾಗಬೇಕು ಎನ್ನುವಾಗ, ಮಾಸ್ತರು ಅಂಗಡಿಗೆ ಬಂದರು. ಬಾಯಿ ತೆರೆದು ಮುಂದಿನ ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದರು.

"ಇದು ಹೋಗ್ತದೆ ತಮಾ. ಇದು ಹೋದ್ರೆ ನನ್ನ ಊದುದು ಹೋಯ್ತು. ಟೆಂಪೋ ಮೇಲೆ ಸ್ಪೀಕರ್ ಕಟ್ಟುವ, ಒಬ್ಬ ಕೀಬೋರ್ಡ್ ಹಿಡ್ಕಂಡು ಕೂತ್ರೆ ಸಾಕು ಅಂತಾರೆ ಹುಡುಗ್ರು. ನೀ ಬಂದ್ರೆ ಬ್ಯಾಂಡ್ ಉಳಿತದೆ."

"ಮಾಸ್ತರೇ, ಸಿಟ್ಟು ಮಾಡ್ಬೇಡಿ. ನಿಮ್ಮ ಬ್ಯಾಂಡ್ ನಂಗೆ ಹಿಡಿಸುದಿಲ್ಲ."

"ಗೊತ್ತದೆ. ನಾವು ಅಂಗಡಿ ಮುಂದೆ ಬಂದ ಕೂಡ್ಲೆ ನೀ ಅರ್ಧ ಶಟರ್ ಎಳಿತ್ಯಲ್ಲ, ನಂಗೇನು ಕಣ್ಣಿಲ್ವಾ?" ಎಂದು ನಕ್ಕರು. "ಬೆಳಂಬಾರದಲ್ಲಿ ಒಂದು ಮದುವೆ ಅದೆ. ಬಂದು ಸುಮ್ನೆ ನಮ್ಮ ಸಂಗ್ತಿ ನಡಿ. ಊದಬೇಡ. ಆಮೇಲೆ ಬೇಡ ಅನ್ನು."

ಮಾವನಿಗೆ ಫೋನ್ ಮಾಡಿ ಹೇಳಿದೆ. "ರಸ್ತೆ ಮೇಲೆ ಊದುದಾದ್ರೆ ನನ್ನ ಕ್ಲಾರಿನೆಟ್ ತಂದು ಇಲ್ಲಿಡು. ಮತ್ತೆ ಕಲಿಲಿಕ್ಕೆ ಬರುದು ಬೇಡ" ಎಂದರು. ಅವರು ಸಿಟ್ಟಿನ ಮನುಷ್ಯರಲ್ಲ. ಅದಕ್ಕೇ ಭಯವಾಯಿತು.

ಬೇಡ ಎನ್ನುವುದಕ್ಕಾಗಿಯೇ ಬೆಳಂಬಾರಕ್ಕೆ ಹೋದೆ. ಸುಡುವ ಬಿಸಿಲು. ಅವರು ಊದುತ್ತಿದ್ದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ರೇಜಿಗೆ ಹುಟ್ಟಿಸುವ ಒಂದು ಸಿನಿಮಾ ಹಾಡು. ಒಂದು ಮನೆಯ ಬೇಲಿ ಶುರುವಾಗುತ್ತಿದ್ದಂತೆ, ಹಾಡಿನ ಸಾಲಿನ ನಡುವೆಯೇ, ಮಾಸ್ತರು ಕ್ಲಾರಿನೆಟ್ಟನ್ನು ಬಾಯಿಂದ ತೆಗೆದರು. ಇಡೀ ಬ್ಯಾಂಡ್ ನಿಂತಿತು. ಆ ಮನೆಯಲ್ಲಿ ಸಾವಾಗಿ ವರ್ಷ ತುಂಬಿರಲಿಲ್ಲವಂತೆ. ಅಂಥ ಮನೆಯೆದುರು ಬೇರೆ ಬ್ಯಾಂಡಿನವರು ಸದ್ದು ತಗ್ಗಿಸುತ್ತಾರೆ, ಇವರು ಪೂರ್ತಿ ನಿಲ್ಲಿಸುತ್ತಿದ್ದರು. ದಿಬ್ಬಣ ನಡೆಯುತ್ತಲೇ ಇತ್ತು. ಚಪ್ಪಲಿಗಳ ಸದ್ದು, ಅದರಾಚೆ ಸಮುದ್ರದ್ದು. ಪಕ್ಕದಲ್ಲಿದ್ದ ನಾನು ಮಾಸ್ತರ ಕೈ ನೋಡಿದೆ. ಬೆರಳುಗಳು ಕ್ಲಾರಿನೆಟ್ಟಿನ ಮೇಲೆ ಆಡುತ್ತಲೇ ಇದ್ದವು. ಬೇಲಿ ಮುಗಿಯಿತು, ವಾದ್ಯ ಬಾಯಿಗೆ ಹೋಯಿತು, ಎಲ್ಲರೂ ಒಟ್ಟಿಗೆ ಹಾಡು ಹಿಡಿದರು. ನಿಲ್ಲಿಸಿದ ಜಾಗದಿಂದಲ್ಲ. ನಿಲ್ಲಿಸದೇ ಇದ್ದಿದ್ದರೆ ಹಾಡು ಅಷ್ಟು ಹೊತ್ತಿಗೆ ಎಲ್ಲಿಗೆ ತಲುಪಿರುತ್ತಿತ್ತೋ ಅಲ್ಲಿಂದ.

"ಹಾಡು ಎಲ್ಲಿ ನಿಲ್ತದೆ? ಊದುದು ನಿಲ್ತದೆ ಅಷ್ಟೆ" ಎಂದರು ಮಾಸ್ತರು, ಊಟದ ಪಂಕ್ತಿಗೆ ಕಾಯುತ್ತ ಕೂತಾಗ. "ಸತ್ತವ್ರ ಮನೆ ಎದುರು ನುಂಗ್ಕಂಡು ಹೋಗುದು."

ಹೀಗೆ ಹೇಳಿದರೆಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಎಲ್ಲರೂ ಅಣ್ಣ ಎನ್ನುವ, ಬ್ಯಾಂಡಿನ ದೊಡ್ಡ ಡೋಲು ಬಾರಿಸುವವನ ಹತ್ತಿರ ಇದನ್ನು ಕೇಳಿದಾಗ ಆತ ಬಿದ್ದು ಬಿದ್ದು ನಕ್ಕ. "ಎಂತದಾ? ಮಾಸ್ತರ ಕೈಗೆ ಸುಮ್ನೆ ಇರ್ಲಿಕ್ಕೆ ಬರುದಿಲ್ಲ, ತುರಿಕೆ! ಅವ್ರು ಎಲ್ಲಿಂದ ಹಿಡಿದ್ರೆ ನಾವು ಅಲ್ಲಿಂದ. ಎಲ್ಲದಕ್ಕೂ ಒಂದು ಅರ್ಥ ಹಚ್ಚುದೇ ನಿಂಗೆ ಕೆಲಸ."

ಇರಬಹುದು. ಆದರೆ ನಾನು ಬ್ಯಾಂಡ್ ಸೇರುವ ತೀರ್ಮಾನ ಮಾಡಿದ್ದು ಆ ಬೇಲಿ ದಾಟುವಷ್ಟರಲ್ಲಿ. ಹಾಡು ಹಿಡಿಸಿತೆಂದಲ್ಲ. ಕಿಟಕಿ ಮುಚ್ಚಿದ ನನ್ನ ಕೋಣೆಯಲ್ಲಿ ನಾನು ಊದದೆ ಕೂತರೆ ಅದು ಬರೀ ಊದದೆ ಕೂತದ್ದು. ಇಲ್ಲಿ ಅಷ್ಟು ಮಂದಿ ಒಂದು ಕೆಟ್ಟ ಹಾಡನ್ನು ಸದ್ದಿಲ್ಲದೆ ಹೊತ್ತು ಆಚೆ ದಾಟಿಸಿದ್ದರು.

ಮರುವಾರ ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ ವಾದ್ಯ ಒಪ್ಪಿಸಿದೆ. ಮಾವ ಅದನ್ನು ಬಿಚ್ಚಿ, ತುಂಡು ತುಂಡಾಗಿ ಒರೆಸಿ, ಪೆಟ್ಟಿಗೆಯಲ್ಲಿಟ್ಟರು. ಚಾ ಕೊಟ್ಟರು. ಹಬ್ಬಕ್ಕೆ ಈಗಲೂ ಫೋನ್ ಮಾಡುತ್ತಾರೆ. ಸಂಗೀತದ ಮಾತು ಬರುವುದಿಲ್ಲ.

ಮಾಸ್ತರು ತಮ್ಮ ಕ್ಲಾರಿನೆಟ್ಟನ್ನೇ ನನ್ನ ಕೈಗಿಟ್ಟರು. ಬಾಯಿಗಿಡುವ ತುದಿಯಲ್ಲಿ ಅವರ ಹಲ್ಲು ಕೊರೆದ ಎರಡು ಕುಳಿಗಳಿದ್ದವು. "ಅದು ನನ್ನ ಗುರುತು. ಅಲ್ಲೇ ಕಚ್ಬೇಡ, ನಿಂದು ನೀ ಮಾಡ್ಕ" ಎಂದರು. ಎಷ್ಟು ಪ್ರಯತ್ನಪಟ್ಟರೂ ನನ್ನ ಹಲ್ಲು ಆ ಕುಳಿಗೇ ಜಾರುತ್ತಿತ್ತು. ಮಾಸ್ತರು ತಾಳ ಹಿಡಿದು ಪಕ್ಕದಲ್ಲಿ ನಡೆದರು. ತಾಳ ಅವರಿಗೆ ಬರುತ್ತಿರಲಿಲ್ಲ, ಸದಾ ಒಂದು ಚೂರು ಮುಂದೆ ಬೀಳುತ್ತಿತ್ತು. ನಾನು ಮೆತ್ತಗೆ ಊದಿದರೆ ಸಾಕು, ನಡುರಸ್ತೆಯಲ್ಲಿ "ಅಜ್ಜಿ!" ಎಂದು ಕೂಗುತ್ತಿದ್ದರು. ಮದುಮಗನ ಕಡೆಯವರು ಗಾಬರಿಯಿಂದ ಅಜ್ಜಿಯನ್ನು ಹುಡುಕುತ್ತಿದ್ದರು.

ಆಷಾಢದಲ್ಲಿ ಎದೆನೋವೆಂದು ಮಲಗಿದ ಮಾಸ್ತರು ಏಳಲಿಲ್ಲ. ಹೆಣ ಎತ್ತುವಾಗ ಮಳೆ ಹೊಯ್ಯುತ್ತಿತ್ತು, ಯಾರೂ ವಾದ್ಯ ತಂದಿರಲಿಲ್ಲ. ಹೆಬ್ಬೆರಳಿನ ಗಂಟನ್ನು ಒಮ್ಮೆ ನೋಡಬೇಕೆಂದುಕೊಂಡೆ. ಕೈಗಳೆರಡೂ ಬಿಳಿ ಬಟ್ಟೆಯೊಳಗಿದ್ದವು.

ಮಳೆಗಾಲ ಮುಗಿದು ಮತ್ತೆ ಮದುವೆಗಳು ಶುರುವಾದವು. ಬೊಬ್ರುವಾಡದ ದಿಬ್ಬಣವೊಂದು ಬೆಳಿಗ್ಗೆ ಅವರ ಮನೆಯ ಮುಂದಿನಿಂದಲೇ ಹೋಗಬೇಕಿತ್ತು. ಹುಡುಗಿಯ ಮನೆಯವರು ಕೇಳಿದ್ದು ಅದೇ ಸಿನಿಮಾ ಹಾಡು. ಬೇಲಿ ಬಂದಾಗ ನಾನು ವಾದ್ಯವನ್ನು ಬಾಯಿಂದ ತೆಗೆದೆ. ಎಲ್ಲರೂ ನಿಲ್ಲಿಸಿದರು. ನನ್ನ ಬೆರಳುಗಳು ಆಡುತ್ತಿದ್ದವು. ಜಗುಲಿಯಲ್ಲಿ ಮಾಸ್ತರ ಹೆಂಡತಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಿ ನೋಡಿದರು. ಅವರ ಕೈಯೂ ನಿಂತಿತು.

ಅಷ್ಟರಲ್ಲಿ ಹಾಡು ನನ್ನಿಂದ ತಪ್ಪಿಹೋಯಿತು. ಬೆರಳುಗಳು ಆಡುತ್ತಿದ್ದವು ನಿಜ, ಆದರೆ ಹಾಡು ಎಲ್ಲಿಗೆ ಬಂದಿದೆ ಎಂದು ತಿಳಿಯಲಿಲ್ಲ. ಬೇಲಿ ಮುಗಿಯುತ್ತ ಬಂತು. ಹಿಂತಿರುಗಿ ನೋಡಿದೆ. ಡೋಲಿನ ಅಣ್ಣ ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ನೆಲ ನೋಡುತ್ತ ನಡೆಯುತ್ತಿದ್ದ. ಅವನ ಎರಡು ಬೆರಳುಗಳು ತೊಡೆಯ ಮೇಲೆ ಬಡಿಯುತ್ತಿದ್ದವು. ಬೇಲಿಯ ಕೊನೆಯ ಗೂಟದ ಹತ್ತಿರ, ಪಲ್ಲವಿ ಬಂತು ಎನ್ನುವ ಹಾಗೆ, ಅವನ ಗದ್ದ ಮೇಲೆದ್ದಿತು. ನಾನು ಊದಿದೆ. ಎಲ್ಲರೂ ಸೇರಿಕೊಂಡರು, ಶ್ರುತಿ ಕೂದಲೆಳೆಯಷ್ಟು ಏರಿ.

ಆ ಹಾಡು ನನಗೆ ಇಂದಿಗೂ ಹಿಡಿಸುವುದಿಲ್ಲ. ತೊಡೆಯ ಮೇಲಿನ ಬೆರಳುಗಳ ಬಗ್ಗೆ ನಾನು ಆತನನ್ನು ಕೇಳಿಲ್ಲ. ಕೇಳಿದರೆ ತುರಿಕೆ ಎನ್ನುತ್ತಾನೆ.