ಹುಲ್ಲಿನ ಹೆಣ

ರೋಮಿನ ಹಡಗುಗಳು ಬಂದು ನಿಲ್ಲುವ ನಮ್ಮ ಪುತಿಯೋಲಿಯ ಬಂದರು ಓಣಿಗಳಲ್ಲಿ ಯಾರ ಮನೆಯಲ್ಲಿ ಉಸಿರು ನಿಂತರೂ ಮೊದಲು ಹೇಳಿಕಳಿಸುತ್ತಿದ್ದುದು ಹಿಲಾರಳಿಗೆ. ಕೂಲಿಗೆ ಅಳುವುದು ಅವಳ ಕಸುಬು. ಜಡೆ ಬಿಚ್ಚಿ ಎದೆ ಬಡಿದುಕೊಂಡು, ಕೊಳಲಿನವರ ಹಿಂದೆ ನಡೆಯುತ್ತ ಸತ್ತವರ ಗುಣಗಾನ ಹಾಡಿದಳೆಂದರೆ, ಆಸ್ತಿ ಕೈಗೆ ಬಂತೆಂದು ಒಳಗೊಳಗೇ ಕುಣಿಯುತ್ತಿದ್ದ ಅಳಿಯನ ಕಣ್ಣೂ ಒದ್ದೆಯಾಗುತ್ತಿತ್ತು. ಅವಳ ಕೈಕೆಳಗೆ ಅಳುವ ಹೆಂಗಸರ ಒಂದು ಗುಂಪೇ ಇತ್ತು. ಅವರಿಗೆ ಬೀಳುತ್ತಿದ್ದ ಬೈಗುಳ ಅಷ್ಟಿಷ್ಟಲ್ಲ.

"ಏನ್ರೇ ಇದು, ನೆಗಡಿ ಬಂದೋರ ಥರ ಮೂಗು ಸೀಟ್ತೀರಾ? ಹೊಟ್ಟೆಯಿಂದ ಬರ್ಬೇಕು ಕಣ್ರೇ, ಹೊಟ್ಟೆಯಿಂದ! ಬೆಳಿಗ್ಗೆ ಗಂಜಿ ಕುಡಿದಿದ್ದೀರೋ ಇಲ್ವೋ?"

ಊರಿನ ದೊಡ್ಡ ಮನುಷ್ಯರ ಮೇಲೆ ಅವಳಿಗೆ ಮೊದಲಿನಿಂದಲೂ ಸಿಟ್ಟು. ಗಂಡಸಾದವನು ಅಳಬಾರದು ಎಂದು ಗ್ರೀಕ್ ಮೇಷ್ಟರುಗಳಿಂದ ಪಾಠ ಹೇಳಿಸಿಕೊಂಡು ಬಂದವರು ಅವರು. ಹೆತ್ತ ತಾಯಿ ಸತ್ತರೂ ಒಣಗಣ್ಣಿನಲ್ಲಿ ನಿಂತು, ಚರಂಡಿ ಬಳಿಯುವ ಕೆಲಸವನ್ನು ಬೇರೆಯವರಿಗೆ ವಹಿಸಿದಂತೆ ಅಳುವ ಕೆಲಸವನ್ನೂ ಬೇರೆಯವರಿಗೆ ವಹಿಸಿಬಿಡುವವರು. ಅವರ ಪಾಲಿನ ಅಳುವನ್ನೆಲ್ಲ ಹಿಲಾರಳೇ ಅತ್ತಳು. ಬಣ್ಣದ ಕಾರ್ಖಾನೆಯ ವರೇನುಸನ ತಾಯಿ ಸತ್ತಾಗಲೂ ಅತ್ತಳು. 'ಮನೆಯ ಆಳುಗಳನ್ನು ಮಕ್ಕಳಂತೆ ಕಂಡ ಮಹಾತಾಯಿ' ಎಂದು ರಾಗವೆಳೆದು ಹಾಡಿದಳು. ಆ ಮಹಾತಾಯಿ ಜಡೆ ಹೆಣೆಯುವುದು ತಡವಾದರೆ ತಲೆಯ ಸೂಜಿಯನ್ನೇ ಕಿತ್ತು ದಾಸಿಯರ ತೋಳಿಗೆ ಚುಚ್ಚುತ್ತಿದ್ದಳು. ಅದರ ಗುರುತು ಹಿಲಾರಳ ತೋಳಿನ ಮೇಲೂ ಇತ್ತು.

ಏಕೆಂದರೆ ಅವಳು ಹುಟ್ಟಿದ್ದೇ ಆ ಮನೆಯ ಗುಲಾಮಳಾಗಿ. ವರೇನುಸನ ತಂದೆ, ಹಿರಿಯ ಯಜಮಾನ, ಸಾಯುವಾಗ ಅದೇನು ದೇವರು ಒಳ್ಳೆಯ ಬುದ್ಧಿ ಕೊಟ್ಟನೋ, ಅವಳನ್ನು ಬಿಡುಗಡೆ ಮಾಡಿ ಹೋದ. ಆದರೆ ಅಷ್ಟು ಹೊತ್ತಿಗೆ ಅವಳಿಗೊಬ್ಬ ಮಗ ಹುಟ್ಟಿಯಾಗಿತ್ತು. ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದವನು ಗುಲಾಮನೇ. ತಾಯಿ ಹೊಸ್ತಿಲು ದಾಟಿ ಹೊರಗೆ ಬಂದಳು, ಮಗ ವಿಟಾಲಿಸ್ ಮನೆಯ ಪಾತ್ರೆಪಗಡಗಳ ಜೊತೆಗೆ ವರೇನುಸನ ಪಾಲಿಗೆ ಬಂದ. ಬೆಳೆದು ಬಣ್ಣದ ಕೊಪ್ಪರಿಗೆಗಳ ಕೆಲಸಕ್ಕೆ ನಿಂತ. ಕೈ ಮೊಣಕೈವರೆಗೆ ಸದಾ ಕೆಂಪು.

ಅವನನ್ನು ಬಿಡಿಸಿಕೊಳ್ಳಲು ಹಿಲಾರಳ ಕೈಯಲ್ಲಿ ಆಗಲಿಲ್ಲ. ಆದದ್ದು ಒಂದೇ. ಬಂದರಿನ ಬಡವರು, ಗುಲಾಮರು ಸೇರಿ ಕಟ್ಟಿಕೊಂಡಿದ್ದ ಹೆಣದ ಸಂಘಕ್ಕೆ ಅವನನ್ನು ಸೇರಿಸಿದಳು. ಒಂದು ಹೂಜಿ ಒಳ್ಳೆಯ ವೈನು ಕೊಟ್ಟು ಸೇರಿದರೆ, ಸತ್ತಾಗ ಸಂಘದವರು ಹೆಗಲು ಕೊಡುತ್ತಾರೆ, ಚಿತೆ ಏರಿಸುತ್ತಾರೆ, ಬೂದಿಗೊಂದು ಗೂಡು ಕೊಡುತ್ತಾರೆ. ಊರ ಹೊರಗಿನ ಗುಂಡಿಗೆ ನಾಯಿನರಿಗಳ ಜೊತೆ ಬೀಳಬೇಕಾಗಿಲ್ಲ.

"ಬದುಕಿದ್ದಾಗ ನಿನಗೊಂದು ಮನೆ ಕೊಡೋಕಾಗ್ಲಿಲ್ಲ ಮಗನೆ. ಸತ್ತ ಮೇಲಾದ್ರೂ ಒಂದು ಗೂಡಿರ್ಲಿ," ಎಂದಿದ್ದಳು.

"ಇದೇನಮ್ಮ, ನಿನ್ನ ಕಸುಬಿನ ಮಾತು ನನ್ನ ಹತ್ರ ಆಡ್ತೀಯ," ಎಂದು ವಿಟಾಲಿಸ್ ನಕ್ಕಿದ್ದ.

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಅವನು ಸತ್ತ. ಯಜಮಾನನ ಮನೆಯಿಂದ ತಾಯಿಗೆ ಸುದ್ದಿ ಬರಲಿಲ್ಲ. ಮೀನಿನ ಸಂತೆಯಲ್ಲಿ ಯಾರೋ ಹೇಳಿದರು. ಹಿಲಾರ ಕೈಯಲ್ಲಿದ್ದ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು.

ವರೇನುಸ್ ಅಂಗಳದಲ್ಲಿ ನಿಂತು ಮೇಜುಗಳನ್ನು ಜೋಡಿಸುತ್ತಿದ್ದ. ಆ ವರ್ಷ ಅವನು ಊರಿನ ಅಧಿಕಾರಕ್ಕೆ ಸ್ಪರ್ಧಿಸಿದ್ದ. ಮರುದಿನ ಗಣ್ಯರಿಗೆಲ್ಲ ಅವನ ಮನೆಯಲ್ಲಿ ಔತಣ.

"ಯಜಮಾನ್ರೇ, ನನ್ನ ಮಗನ್ನ ಕೊಡಿ. ತೊಳೆದು, ಎಣ್ಣೆ ಹಚ್ಚಿ ತಗೊಂಡ್ಹೋಗ್ತೀನಿ. ನಿಮಗೇನೂ ಖರ್ಚಿಲ್ಲ, ಸಂಘದೋರು ನೋಡ್ಕೋತಾರೆ."

"ಕೆಟ್ಟ ಜ್ವರ ಕಣಮ್ಮ ಅವನಿಗೆ. ಮುಟ್ಟಿದ್ರೆ ಅಂಟ್ಕೊಳ್ಳೋ ಅಂಥದ್ದು. ಕೊಡೋ ಹಾಗಿಲ್ಲ."

"ಅಂಟ್ಲಿ ಬಿಡಿ. ನಾನು ಮುಟ್ಟದೇ ಇರೋ ಹೆಣ ಈ ಊರಲ್ಲಿ ಯಾವ್ದಿದೆ? ನಿಮ್ಮಮ್ಮನ ಕಣ್ಣು ಮುಚ್ಚಿದ್ದೂ ಈ ಕೈಯೇ."

"ನನ್ನ ಆಳು, ನನ್ನ ಹೆಣ. ಏನು ಮಾಡ್ಬೇಕು ಅಂತ ನಂಗೊತ್ತು. ನೀನು ದುಡ್ಡಿಗೆ ಅಳೋಳು ತಾನೇ? ಮನೆಗ್ಹೋಗಿ ಒಂದಿಷ್ಟು ಪುಕ್ಕಟೆ ಅಳು ಹೋಗು."

ಬಾಗಿಲ ಕಾವಲಿನವನು ಅವಳ ತೋಳು ಹಿಡಿದು ಹೊರಗೆ ದಬ್ಬಿದ. ಬೀದಿಯಲ್ಲಿ ನಿಂತ ಹಿಲಾರಳಿಗೆ ಮೈಯೆಲ್ಲ ಉರಿದುಹೋಯಿತು. ಊರಿಗೆಲ್ಲ ಅತ್ತ ಕಣ್ಣಿನಲ್ಲಿ ಒಂದು ಹನಿ ನೀರಿಲ್ಲ. ಸಿಟ್ಟು ಅಷ್ಟನ್ನೂ ಕುಡಿದುಬಿಟ್ಟಿತ್ತು.

ಸಂಘದವರು ಅಂದೇ ಸಂಜೆ ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದರು. ಹಗ್ಗ ಹೊಸೆಯುವ ಟ್ರೋಫಿಮುಸ್ ಸಂಘದ ಹಿರಿಯ. ಒಳ್ಳೆಯವನು, ಆದರೆ ದೊಡ್ಡವರನ್ನು ಎದುರು ಹಾಕಿಕೊಳ್ಳಲಾರ.

"ಹಿಲಾರಕ್ಕ, ಇಂಥದ್ದಕ್ಕೂ ನಮ್ಮಲ್ಲಿ ಒಂದು ಪದ್ಧತಿ ಇದೆ. ಯಜಮಾನ ಹಟಕ್ಕೆ ಬಿದ್ದು ಹೆಣ ಕೊಡ್ದೇ ಹೋದ್ರೆ, ಗೊಂಬೆ ಮಾಡಿ ಮೆರವಣಿಗೆ ಮಾಡೋದು. ಹುಲ್ಲಿನ ಮೈ, ಮೇಣದ ಮುಖ. ಹೆಣಕ್ಕೆ ಮಾಡೋ ಶಾಸ್ತ್ರವನ್ನೆಲ್ಲ ಅದಕ್ಕೇ ಮಾಡೋದು."

"ಹುಲ್ಲಿಗೆ ಅಳ್ಬೇಕಾ ನಾನು?" ಹಿಲಾರ ಮೇಜನ್ನು ಗುದ್ದಿದಳು. ಲೋಟಗಳು ಹಾರಿಬಿದ್ದವು. "ಹುಲ್ಲನ್ನ ಹೆತ್ತಿದ್ನಾ ನಾನು? ಅಲ್ಲಿ ನನ್ನ ಮಗ ಯಾವ ಮೂಲೇಲಿ ಬಿದ್ದಿದ್ದಾನೋ, ಇಲ್ಲಿ ನೀವು ಗೊಂಬೆ ಆಟ ಆಡ್ತೀರಾ? ಹತ್ತು ಗಂಡಸ್ರು ಕೂತಿದ್ದೀರಲ್ಲ, ಹೋಗಿ ಆ ಬಾಗಿಲು ಒದ್ದು ತರೋಕಾಗಲ್ವಾ?"

ಅವರಲ್ಲಿ ಅರ್ಧ ಜನಕ್ಕೆ ತಮ್ಮ ಮೈಯೇ ಸ್ವಂತದ್ದಲ್ಲ. ಬಾಗಿಲು ಒದ್ದವನ ಕಾಲನ್ನು ಅವನ ಯಜಮಾನ ಮುರಿಸುತ್ತಾನೆ. ಅದು ಹಿಲಾರಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬೈದಳು, ಬೈದು ಬೈದು ಗಂಟಲು ಒಣಗಿಸಿಕೊಂಡಳು. ಟ್ರೋಫಿಮುಸ್ ಅವಳ ಮುಂದೆ ನೀರಿಟ್ಟು, "ಇಷ್ಟು ನಮ್ಮ ಕೈಲಾಗೋದು ಅಕ್ಕ. ಬೇಡ ಅಂದ್ರೆ ಇದೂ ಇಲ್ಲ," ಎಂದ.

ನೀರು ಕುಡಿದು ಹಿಲಾರ ಎದ್ದಳು. "ಮಾಡಿ. ಆದ್ರೆ ನಾಳೆಯೇ ಆಗ್ಬೇಕು. ಮೆರವಣಿಗೆ ವರೇನುಸನ ಬಾಗಿಲ ಮುಂದೇನೇ ಹೋಗ್ಬೇಕು. ಹೆಣ ಇರೋ ಮನೆಯಿಂದ ತಾನೇ ಮೆರವಣಿಗೆ ಹೊರಡೋದು?"

ಮರುದಿನ ಬಂದರಿನ ಓಣಿಗಳಿಂದ ಜನ ಹರಿದುಬಂದರು. ಕೊಳಲಿನವರು ಮುಂದೆ, ಹುಲ್ಲಿನ ವಿಟಾಲಿಸನನ್ನು ಹೊತ್ತವರು ಹಿಂದೆ. ಮೇಣದ ಮುಖ ಅವನಂತಿರಲಿಲ್ಲ. ಯಾರೋ ಪುಣ್ಯಾತ್ಮ ಗೊಂಬೆಯ ಕೈಗಳಿಗೆ ಮೊಣಕೈವರೆಗೆ ಕೆಂಪು ಬಳಿದಿದ್ದ. ಅದನ್ನು ನೋಡಿ ಹಿಲಾರಳ ಗುಂಪಿನ ಹೆಂಗಸರು ಕೂಲಿಯಿಲ್ಲದೆ ಅತ್ತರು. ಹಿಲಾರ ಅಳಲಿಲ್ಲ. ಅವಳ ಕೈಯಲ್ಲಿ ಸೈಪ್ರೆಸ್ ಮರದ ದೊಡ್ಡದೊಂದು ಕೊಂಬೆಯಿತ್ತು.

ವರೇನುಸನ ಬಾಗಿಲಿಗೆ ಔತಣಕ್ಕೆಂದು ಹೂಮಾಲೆ ಕಟ್ಟಿದ್ದರು. ಹಿಲಾರ ನೆಟ್ಟಗೆ ಹೋಗಿ ಮಾಲೆಯನ್ನು ಕಿತ್ತೆಸೆದು, ಆ ಜಾಗಕ್ಕೆ ಸೈಪ್ರೆಸ್ ಕೊಂಬೆಯನ್ನು ಕಟ್ಟಿದಳು. ಆ ಕೊಂಬೆ ಕಂಡರೆ ಮಕ್ಕಳಿಗೂ ಗೊತ್ತು, ಸಾವಿನ ಮನೆ. ಒಳಗೆ ಕಾಲಿಟ್ಟವರಿಗೆ ಸೂತಕ. ಅಷ್ಟು ಹೊತ್ತಿಗೆ ಸರಿಯಾಗಿ ಜ್ಯೂಪಿಟರ್ ಗುಡಿಯ ಪೂಜಾರಿಯ ಪಲ್ಲಕ್ಕಿ ಬಂತು. ಪೂಜಾರಿ ಪರದೆ ಸರಿಸಿ ಕೊಂಬೆಯನ್ನು ನೋಡಿದವನೇ, ಹಾವು ಕಂಡಂತೆ, "ತಿರುಗ್ಸಿ, ತಿರುಗ್ಸಿ!" ಎಂದು ಕೂಗಿದ. ಅವನ ಹಿಂದೆ ಬಂದವರೂ ಬಿಳಿ ಬಟ್ಟೆ ಎತ್ತಿ ಹಿಡಿದುಕೊಂಡು ಬಂದ ದಾರಿ ಹಿಡಿದರು.

ವರೇನುಸ್ ಹೊರಗೆ ಓಡಿಬಂದ. ಎಣ್ಣೆ ಹಚ್ಚಿದ ಕೂದಲು, ತಲೆಯ ಮೇಲೆ ಹೂವಿನ ದಂಡೆ.

"ತೆಗಿಯೇ ಅದನ್ನ! ನನ್ನ ಮನೇಲಿ ಯಾರೂ ಸತ್ತಿಲ್ಲ!"

"ಸತ್ತಿಲ್ವಾ? ಹಾಗಾದ್ರೆ ನನ್ನ ಮಗನ್ನ ಕರೀರಿ. ಬರ್ಲಿ ಹೊರಗೆ."

ಸೇರಿದ ಜನ ಗೊಳ್ಳೆಂದರು. ವರೇನುಸನ ಕಿವಿ ಕೆಂಪಾಯಿತು. "ಹೆಣ ಇಲ್ಲಿಲ್ಲ. ನಿನ್ನೆಯೇ ಹೆಣ ಸಾಗಿಸೋ ಕೆಂಪು ಟೋಪಿಯೋರು ಗಾಡಿ ತಂದು, ಗಂಟೆ ಬಾರಿಸ್ಕೊಂಡು ಬಂದು ಗುಂಡಿಗೆ ಹಾಕಿದ್ರು. ಬೇಕಾದ್ರೆ ಹೋಗಿ ಹುಡುಕ್ಕೋ."

ಗುಂಡಿ. ಅಲ್ಲಿಗೆ ಹೋದ ಹೆಣವನ್ನು ಹುಡುಕಿ ತಂದವರು ಈ ಊರಿನಲ್ಲಿ ಯಾರೂ ಇಲ್ಲ. ಇನ್ನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಉಳಿದದ್ದು ಒಂದೇ ಶಾಸ್ತ್ರ. ಸತ್ತವರನ್ನು ಕೊನೆಯ ಸಲ ಹೆಸರು ಹಿಡಿದು ಕೂಗಬೇಕು, ಮನೆಯವರೆಲ್ಲ ಸೇರಿ ಕೂಗಬೇಕು. ಓಗೊಡದಿದ್ದರೆ ಆಗ ನಿಜವಾಗಿ ಸತ್ತಂತೆ. ಹಿಲಾರ ವರೇನುಸನ ಭುಜದ ಆಚೆಗೆ, ತೆರೆದ ಬಾಗಿಲಿನೊಳಕ್ಕೆ ಕೂಗಿದಳು. ಹಾಡಿನ ದನಿಯಲ್ಲಿ ಅಲ್ಲ, ಊಟಕ್ಕೆ ಕರೆಯುವ ದನಿಯಲ್ಲಿ.

"ವಿಟಾಲಿಸ್!"

ಆಗ ಮನೆಯ ಒಳಗಿನಿಂದ, ಅಡುಗೆಮನೆಯ ಕಡೆಯಿಂದ ಒಂದು ಹೆಂಗಸಿನ ದನಿ, "ವಿಟಾಲಿಸ್!" ಎಂದಿತು. ಆಮೇಲೆ ಹಿತ್ತಲಿನಿಂದ ಇನ್ನೊಂದು. ಆಮೇಲೆ ಕೊಪ್ಪರಿಗೆಗಳ ಕಡೆಯಿಂದ ಗಂಡಸರ ದನಿಗಳು, ಒರಟಾಗಿ, ಒಟ್ಟಾಗಿ. ಮನೆಯ ಆಳುಗಳೆಲ್ಲ ಕೂಗುತ್ತಿದ್ದರು.

"ಯಾವನೋ ಅವನು? ಬಾಯ್ಮುಚ್ರೋ! ಚರ್ಮ ಸುಲೀತೀನಿ!" ವರೇನುಸ್ ಒಳಗೆ ತಿರುಗಿ ಅರಚಿದ. ಕೂಗು ನಿಲ್ಲಲಿಲ್ಲ. ಯಾರ ಚರ್ಮ ಎಂದು ಸುಲಿಯುತ್ತಾನೆ?

ಅಡುಗೆಯ ಮುದುಕಿ ಮಿರ್ತಾಲೆ ಯಜಮಾನನ ಪಕ್ಕದಲ್ಲೇ ಹಾದು ಹೊರಗೆ ಬಂದಳು. ಹಿಲಾರಳ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವಳು ಅವಳು. ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡಿದ್ದಳು.

"ಅವನನ್ನ ತೊಳೆದೋಳು ನಾನೇ ಕಣೇ ಹಿಲಾರ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. "ಜ್ವರವೂ ಇಲ್ಲ, ಗಿರವೂ ಇಲ್ಲ. ಒಂದು ಥಾನು ಬಟ್ಟೆ ಬಣ್ಣ ಕೆಟ್ಟಿತು ಅಂತ ಹೊಡೆಸಿದ್ರು. ಬೆನ್ನಲ್ಲಿ ತೊಳೆಯೋಕೆ ಚರ್ಮವೇ ಇರ್ಲಿಲ್ಲ. ನೀನು ತೊಳೆದ್ರೆ ನೋಡ್ಬಿಡ್ತೀಯ ಅಂತ ತಾನೇ ಕೊಡ್ಲಿಲ್ಲ."

ಜನರ ನಡುವೆ ಒಂದು ಗುರುಗುಟ್ಟುವ ಸದ್ದು ಎದ್ದಿತು. ವರೇನುಸ್ ಒಂದು ಹೆಜ್ಜೆ ಹಿಂದೆ ಸರಿದ. ಮಿರ್ತಾಲೆ ಸೆರಗನ್ನು ಬಿಚ್ಚಿ ಹಿಲಾರಳ ಅಂಗೈ ಮೇಲೆ ಒಂದು ಪುಟ್ಟ ಬಟ್ಟೆಯ ಗಂಟನ್ನು ಇಟ್ಟಳು.

"ಗಾಡಿ ಬರೋಕೆ ಮುಂಚೆ ಅಡುಗೆ ಕತ್ತಿಯಿಂದ ಕತ್ತರಿಸ್ಕೊಂಡೆ. ಉಪ್ಪಲ್ಲಿ ಇಟ್ಟಿದ್ದೆ. ಶಾಸ್ತ್ರಕ್ಕೆ ಇಷ್ಟು ಸಾಕಲ್ವೇನೇ?"

ಒಂದು ಬೆರಳು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣ. ಇಡೀ ಮೈಯನ್ನು ಚಿತೆಗೆ ಕೊಡುವವರೂ ಒಂದು ಬೆರಳನ್ನು ಕತ್ತರಿಸಿ ಮಣ್ಣಿಗಾಗಿ ಉಳಿಸಿಕೊಳ್ಳುತ್ತಾರೆ. ಆ ಬೆರಳಿಗೆ ಮಣ್ಣು ಬಿದ್ದಾಗಲೇ ಸತ್ತವನಿಗೆ ನೆಲೆ ಸಿಕ್ಕಂತೆ, ಮನೆಗೆ ಸೂತಕ ಕಳೆದಂತೆ. ಸಾಕು, ಶಾಸ್ತ್ರಕ್ಕೆ ಸಾಕು. ತಾಯಿಗೆ ಸಾಕೇ ಎಂದು ಯಾವ ಶಾಸ್ತ್ರವೂ ಕೇಳಿಲ್ಲ.

"ಸಾಕು ಕಣೇ," ಎಂದಳು ಹಿಲಾರ. ಗಂಟನ್ನು ಎದೆಗಿಟ್ಟುಕೊಂಡು ಮೆರವಣಿಗೆಯ ಮುಂದೆ ನಡೆದಳು. ಕೊಂಬೆಯನ್ನು ಬಿಚ್ಚಲಿಲ್ಲ. ಆ ದಿನ ವರೇನುಸನ ಮನೆಯ ಹುರಿದ ಹಂದಿ, ಮೀನು, ಅಂಜೂರ ಎಲ್ಲ ಹಾಗೇ ಹಳಸಿಹೋಯಿತಂತೆ.

ಹುಲ್ಲನ್ನು ಚಿತೆಯ ಮೇಲೆ ಸುಟ್ಟರು, ಒಂದೇ ಗಳಿಗೆಯಲ್ಲಿ ಉರಿದು ಮುಗಿಯಿತು. ಬೆರಳನ್ನು ಮಡಕೆಯಲ್ಲಿಟ್ಟು ಹಿಲಾರ ತಾನೇ ಮಣ್ಣು ಹಾಕಿದಳು. ಊರಿನ ಎಲ್ಲ ಹೆಣಗಳಿಗೂ ಹಾಡಿದವಳು ತನ್ನ ಮಗನಿಗೆ ಒಂದು ಸಾಲೂ ಹಾಡಲಿಲ್ಲ. ಹಾಡಿನ ಮಾತುಗಳನ್ನೆಲ್ಲ ಸುಳ್ಳರಿಗೆ ಹಾಡಿ ಎಂಜಲು ಮಾಡಿಬಿಟ್ಟಿದ್ದೇನೆ ಎಂದು ಟ್ರೋಫಿಮುಸನಿಗೆ ಹೇಳಿದಳು.

ವರೇನುಸನಿಗೆ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಆ ವರ್ಷ ಸೋತ, ಮರುವರ್ಷ ಗೆದ್ದ. ಊರು ಮರೆಯಿತು, ಥೂ! ಮಿರ್ತಾಲೆಯನ್ನು ಅವನು ವಾರ ಕಳೆಯುವುದರೊಳಗೆ ದೂರದ ಜಮೀನಿಗೆ ಮಾರಿಬಿಟ್ಟ. ಅವಳು ಎಲ್ಲಿ ಹೋದಳೋ, ಇದ್ದಾಳೋ ಸತ್ತಳೋ ಯಾರಿಗೂ ತಿಳಿಯಲಿಲ್ಲ. ಪ್ರತಿ ಫೆಬ್ರವರಿಯ ಹಿರಿಯರ ಹಬ್ಬದಲ್ಲಿ ಹಿಲಾರ ಮಗನ ಮಡಕೆಗೆ ನೇರಳೆ ಬಣ್ಣದ ಹೂ ಇಟ್ಟು, ವೈನಿನಲ್ಲಿ ನೆನೆಸಿದ ರೊಟ್ಟಿ ಇಡುವಾಗ, ಪಕ್ಕದಲ್ಲಿ ಇನ್ನೊಂದು ಚೂರು ಇಡುತ್ತಿದ್ದಳು. ಯಾರಿಗೆ ಎಂದು ಯಾರಾದರೂ ಕೇಳಿದರೆ ರೇಗುತ್ತಿದ್ದಳು.

ಅವಳ ತಲೆ ಪೂರ್ತಿ ಬೆಳ್ಳಗಾದ ಮೇಲೆ ವರೇನುಸ್ ಸತ್ತ. ಅವನ ಹಿರಿಯ ಮಗ ತಾನೇ ಅವಳ ಮನೆ ಬಾಗಿಲಿಗೆ ಬಂದ. ತಂದೆಯಂತೆಯೇ ಎಣ್ಣೆ ಹಚ್ಚಿದ ಕೂದಲು, ಒಣಗಣ್ಣು.

"ಅಜ್ಜೀ, ನಮ್ಮಪ್ಪನ ಮೆರವಣಿಗೆಗೆ ನೀವೇ ಬರ್ಬೇಕು. ಊರಲ್ಲಿ ನಿಮ್ಮಂಗೆ ಅಳೋರು ಇನ್ಯಾರಿದ್ದಾರೆ? ಎಷ್ಟಾದ್ರೂ ಕೇಳಿ, ಕೊಡ್ತೀನಿ."

ಹಿಲಾರ ಕೈ ಒರೆಸಿಕೊಂಡು ಹೊಸ್ತಿಲಿಗೆ ಬಂದಳು.

"ಹೆಣ ಮನೇಲೇ ಇದೆಯೇನಪ್ಪ?"

"ಇದೆ."

"ತೊಳೆದ್ರಾ?"

"ತೊಳೆದು, ಬಿಳಿ ಬಟ್ಟೆ ಹೊದ್ದಿಸಿ, ಹೂವಿನ ಮೇಲೆ ಮಲಗಿಸಿದ್ದೀವಿ."

"ಪೂರ್ತಿ ಇದೆಯಾ?"

ಅವನಿಗೆ ಅರ್ಥವಾಗಲಿಲ್ಲ. "ಪೂರ್ತಿ ಅಂದ್ರೆ... ಇದೆ. ಯಾಕೆ?"

"ಪೂರ್ತಿ ಹೆಣಕ್ಕೆ ಅಳೋದು ನಂಗೆ ರೂಢಿ ತಪ್ಪಿದೆ ಕಣಪ್ಪ. ಹೋಗು, ನಿಮ್ಮಪ್ಪನ ಒಂದು ಬೆರಳು ಕತ್ತರಿಸ್ಕೊಂಡು ಬಾ. ಮಿಕ್ಕಿದ್ದನ್ನ ಗುಂಡಿಗೆ ಹಾಕು. ಆ ಬೆರಳಿಗೆ ಎಷ್ಟು ಅಳ್ಬೇಕೋ ಅಷ್ಟು ಅಳ್ತೀನಿ."

ಬಾಗಿಲು ಹಾಕಿಕೊಂಡು ಒಳಗೆ ಹೋದಳು. ಒಲೆಯ ಮೇಲೆ ಕಡಲೆ ಬೇಯುತ್ತಿತ್ತು.