ಅಣ್ಣನ ಕೀಲಿ ನಾನೇ ಅಳಿಸಿದೆ

ಅಣ್ಣ ಒಂದೇ ಒಂದು ಕೆಲಸ ಹೇಳಿದ್ದ. ಅದನ್ನು ನಾನು ಮಾಡಲಿಲ್ಲ. ಮಾಡಲಿಲ್ಲ ಅನ್ನುವುದನ್ನು ಎರಡು ವರ್ಷ ಹೇಳಲೂ ಇಲ್ಲ.

ವಾರವಾರ ಈ ಅಂಕಣ ಓದುವ ನಿಮಗೆ ನನ್ನ ಕಸುಬು ಗೊತ್ತು. ಮುಂಡಗೋಡದಲ್ಲಿ ಜೆರಾಕ್ಸ್ ಅಂಗಡಿ. ಜಾತಿ, ಆದಾಯ, ಪಹಣಿ, ರೇಶನ್ ಕಾರ್ಡು, ಯಾವ ಅರ್ಜಿ ಇದ್ದರೂ ಕಂಪ್ಯೂಟರಿನಲ್ಲಿ ತುಂಬಿ ಕೊಡುತ್ತೇನೆ. ಎಸ್ಸೆಸ್ಸೆಲ್ಸಿ ಫೇಲಾದವಳ ಮುಂದೆ ಡಿಗ್ರಿ ಮುಗಿಸಿದವರು ಸಾಲುಗಟ್ಟಿ ನಿಲ್ಲುತ್ತಾರೆ. (ಇದನ್ನು ಹಿಂದೆ ಎಷ್ಟೋ ಸಲ ಜಂಬದಿಂದ ಬರೆದಿದ್ದೇನೆ. ಈ ವಾರ ಜಂಬವಿಲ್ಲ.) ಊರಿಗೆಲ್ಲ ಸರ್ಟಿಫಿಕೇಟ್ ಕೊಡಿಸಿದವಳು ಒಡಹುಟ್ಟಿದವನಿಗೆ ಒಂದು ಕೊಡಿಸಲಿಲ್ಲ.

ಅಣ್ಣ ಇರುವುದು ದಾಂಡೇಲಿಯಲ್ಲಿ. ಮೋಟಾರ್ ವೈಂಡಿಂಗ್ ಮಾಡುತ್ತಾನೆ. ದಿನವಿಡೀ ಸುಟ್ಟುಹೋದ ಪಂಪ್‌ಸೆಟ್ಟಿಗೆ ತಂತಿ ಸುತ್ತುವುದು, ಬೆಳಗಾಗೆದ್ದು ಹ್ಯಾಮ್ ರೇಡಿಯೋ ಮುಂದೆ ಕೂರುವುದು. ಹ್ಯಾಮ್ ಅಂದರೆ ಹವ್ಯಾಸಕ್ಕೆ ಮನೆಯಲ್ಲೇ ಇಟ್ಟುಕೊಳ್ಳುವ ರೇಡಿಯೋ ಸ್ಟೇಷನ್. ಪರೀಕ್ಷೆ ಪಾಸಾಗಿ ಸರ್ಕಾರದ ಲೈಸೆನ್ಸ್ ತಗೊಂಡವನು. ಬಾಯಿಮಾತಿಗಿಂತ ಅವನಿಗೆ ಮೋರ್ಸ್ ಸಂಕೇತ ಇಷ್ಟ. ಟಿಟ್ ಟೀಂ ಟಿಟ್ ಅನ್ನುವ ಸದ್ದಿನಲ್ಲೇ ಹರಟೆ. ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ನಾಚುವ ಐಟಿಐ ಮನುಷ್ಯ ಹೀಗೆ ಜಪಾನು, ಬ್ರೆಜಿಲಿನವರ ಯೋಗಕ್ಷೇಮ ಕೇಳುತ್ತಾನೆ. ಕೇಳುತ್ತಿದ್ದ.

ಮಾತಾಡಿದ್ದಕ್ಕೆ ಪುರಾವೆ ಬೇಡವೇ? ಮೊದಲು ಒಬ್ಬರಿಗೊಬ್ಬರು ಪೋಸ್ಟಿನಲ್ಲಿ ಕಾರ್ಡು ಕಳಿಸುತ್ತಿದ್ದರು. ಅಣ್ಣನ ಗೋಡೆ ತುಂಬ ಅವೇ. ತೊಂಬತ್ತನಾಲ್ಕು ದೇಶದವು. ನೂರು ತುಂಬಿದರೆ ಹ್ಯಾಮ್‌ಗಳಲ್ಲಿ ಅದೊಂದು ದೊಡ್ಡ ಮರ್ಯಾದೆ. ಇನ್ನೂ ಆರು ದೇಶದವರ ಜೊತೆ ಮಾತು ಆಗಿಹೋಗಿತ್ತು, ಆದರೆ ಅವರು ಕಾರ್ಡು ಕಳಿಸುವವರಲ್ಲ. ಈಗ ಎಲ್ಲ ಆನ್‌ಲೈನ್. ಇಂಥ ದಿನ ಇಂಥ ಹೊತ್ತಿಗೆ ಮಾತಾಡಿದೆವು ಅಂತ ಇವನೂ ಹಾಕಬೇಕು, ಅವರೂ ಹಾಕಬೇಕು. ಎರಡೂ ತಾಳೆಯಾದರೆ ಪಕ್ಕಾ.

ಯಾರೋ ಯಾರದೋ ಹೆಸರಿನಲ್ಲಿ ಹಾಕಬಾರದಲ್ಲ? ಅದಕ್ಕೇ ಒಂದು ಡಿಜಿಟಲ್ ಸರ್ಟಿಫಿಕೇಟ್. ಲೈಸೆನ್ಸಿನ ಪ್ರತಿ, ಗುರುತಿನ ಚೀಟಿ ಕಳಿಸಬೇಕು. ಹೌದು, ಈ ಮನುಷ್ಯ ಖರೆ ಇದ್ದಾನೆ ಅಂತ ಪರದೇಶದ ಆಫೀಸಿನವರು ಒಪ್ಪಬೇಕು.

ಅಣ್ಣನಿಗೆ ಅವಸರವಿತ್ತು. ಕಿವಿ ಹೋಗುತ್ತಿತ್ತು. ನಮ್ಮಪ್ಪನಿಗೂ ಐವತ್ತರ ಮೇಲೆ ಹೀಗೇ ಆಗಿತ್ತು. ಅಡಿಗೆಮನೆಯಿಂದ ಹೆಂಡತಿ, ನಮ್ಮ ವೈನಿ, ಕೂಗಿದ್ದು ಕೇಳಿಸದವನಿಗೆ ರೇಡಿಯೋದ ಗರಗರದೊಳಗೆ ಅಡಗಿದ ಸಣ್ಣ ಸದ್ದು ಮಾತ್ರ ಇನ್ನೂ ಸಿಗುತ್ತಿತ್ತು. ("ಬೇಕಾದ್ದಷ್ಟ ಕೇಳತೈತಿ ಇವರಿಗೆ," ಅಂತ ವೈನಿ ಚುಚ್ಚುತ್ತಿದ್ದಳು.) ಅದೂ ಹೆಚ್ಚು ದಿನ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದರು.

ಅವನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಎರಡು ಬಸ್ ಬದಲಿಸಿ ನನ್ನ ಅಂಗಡಿಗೆ ಬಂದ. ಅರ್ಜಿ ಹಾಕಿದೆವು.

"ಇಲ್ಲಿ ನೋಡ ತಂಗಿ," ಅಂದ. "ಅರ್ಜಿ ಹಾಕಿದ ಕೂಡ್ಲೆ ಒಂದ ಕೀಲಿ ಈ ಕಂಪ್ಯೂಟರ್‌ದಾಗ ಕುಂದರತೈತಿ. ಅವರು ಕಳಸೂ ಫೈಲು ಆ ಕೀಲಿಗಷ್ಟ ಹೊಂದತೈತಿ. ಉತ್ತರ ಬರೂತನಕ ಏನೂ ಅಳಸಬ್ಯಾಡ."

"ಆತು."

"ಬರೇ ಆತು ಅನಬ್ಯಾಡ. ಒಂದ ಚೀಟಿ ಬರದ ಹಚ್ಚು."

"ಅಣ್ಣಾ, ಊರ ಮಂದೀದೆಲ್ಲಾ ಮಾಡ್ತೇನಿ. ನಿಂದೊಂದ ನನಗ ಭಾರ ಏನು?"

ಚೀಟಿ ಹಚ್ಚಲಿಲ್ಲ.

ನಮ್ಮ ಕಡೆ ಕಂಪ್ಯೂಟರಿನ ಎಲ್ಲ ಜಡ್ಡಿಗೂ ಒಂದೇ ಔಷಧ. ಫಾರ್ಮ್ಯಾಟ್. ಸ್ಕಾಲರ್‌ಶಿಪ್ ಅರ್ಜಿಯ ಕಡೇ ದಿನಗಳು, ಬಾಗಿಲ ತನಕ ಮಂದಿ, ಕಂಪ್ಯೂಟರ್ ಎಮ್ಮೆಯ ಹಾಗೆ ಮಲಗಿಬಿಟ್ಟಿತು. ರಿಪೇರಿ ಮಾಡುವ ರಫೀಕ ಬಂದ.

"ಅಕ್ಕಾರ, ಏನಾರ ಉಳಸ್ಕೊಳ್ಳೂದೈತೇನ್ರಿ? ಆಮ್ಯಾಲ ನನ್ನ ಮ್ಯಾಲೆ ಬರಬ್ಯಾಡ್ರಿ ಮತ್ತ."

ಮಗಳ ಮದುವೆ ಫೋಟೋ ಅಂದೆ. ಅರ್ಜಿಗಳ ನಮೂನೆ ಅಂದೆ. ಎರಡು ಭಜನೆ ಹಾಡು ಕೂಡ ನೆನಪಾದವು. "ಉಳದದ್ದು?" ಅಂದ. "ಹೊಡದ ಹಾಕು," ಅಂದೆ.

ಅದಾಗಿ ಮೂರನೇ ದಿನಕ್ಕೆ ಪರದೇಶದಿಂದ ಮೇಲ್ ಬಂತು. ಅಣ್ಣನನ್ನು ಒಪ್ಪಿದ್ದರು. ಸರ್ಟಿಫಿಕೇಟಿನ ಫೈಲೂ ಇತ್ತು. ತೆರೆಯಹೋದೆ. ಇದರ ಜೋಡಿ ಕೀಲಿ ಈ ಕಂಪ್ಯೂಟರಿನಲ್ಲಿ ಇಲ್ಲ ಅಂದಿತು. ಹೊಡದ ಹಾಕು ಅಂದದ್ದರಲ್ಲಿ ಅಣ್ಣನ ಕೀಲಿಯೂ ಹೋಗಿತ್ತು.

ಆ ಭಾನುವಾರ ಅಣ್ಣ ಫೋನ್ ಮಾಡಿದ. "ಬಂತೇನು?"

"ಇನ್ನಾ ಇಲ್ಲಣ್ಣಾ."

ಸುಳ್ಳು ಹೇಳಲು ಯೋಚಿಸಬೇಕಾಗುತ್ತದೆ ಅಂದುಕೊಂಡಿದ್ದೆ. ಬೇಕಾಗಲಿಲ್ಲ.

ಹೊಸದಾಗಿ ಗುಟ್ಟಿನಲ್ಲಿ ಇನ್ನೊಂದು ಅರ್ಜಿ ಹಾಕಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಹಾಕಬಹುದಿತ್ತು. ಅರ್ಧ ತಾಸಿನ ಕೆಲಸ. ಅವನ ಕಾಗದಗಳ ಪ್ರತಿಗಳು ನನ್ನ ಮೇಜಿನ ಡ್ರಾದಲ್ಲೇ ಇದ್ದವು. ನಾಳೆ ಅಂದೆ, ಗಿರಾಕಿ ಬಂದರು. ನಾಡಿದ್ದು ಅಂದೆ, ಕರೆಂಟ್ ಹೋಯಿತು. ತಿಂಗಳು ಕಳೆದ ಮೇಲೆ ಆ ಡ್ರಾ ಎಳೆಯಲಿಕ್ಕೇ ಕೈ ಬರಲಿಲ್ಲ. ತಪ್ಪು ಸಣ್ಣದಿದ್ದಾಗ ಹೇಳಲು ನಾಚಿಕೆ, ದೊಡ್ಡದಾದ ಮೇಲೆ ಹೇಳಲು ಹೆದರಿಕೆ. ನಡುವೆ ಒಂದು ಹದವಾದ ಹೊತ್ತು ಯಾವತ್ತಾದರೂ ಬರುತ್ತದೆಯೇ?

ಅಣ್ಣ ತಾನೇ ಒಂದು ಕಾರಣ ಹುಡುಕಿಕೊಂಡ.

"ಅವರಿಗೆ ನಂಬಿಕಿ ಬಂದಿಲ್ಲ ಕಾಣಸ್ತೈತಿ," ಅಂದ ಒಂದು ಭಾನುವಾರ. "ದಾಂಡೇಲಿ ಅಂದ್ರ ಎಲ್ಲಿ, ಮೋಟಾರ್ ಕಟ್ಟಾಂವ ಯಾವಾಂವ. ಸುಳ್ಳ ಕಾಗದ ಕಳಿಸ್ಯಾನು ಅಂದಿರಬೇಕು."

ನಾನು "ಇರಬಹುದಣ್ಣಾ" ಅಂದೆ.

ಕಂಪ್ಯೂಟರ್ ಅಳಿಸಿದ್ದು ಮರೆವು. ಈ 'ಇರಬಹುದು' ಮರೆವಲ್ಲ. ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಆಮೇಲೆ ಅವನು ಕೇಳುವುದು ಬಿಟ್ಟ. ನನಗೆ ಹಗುರವಾಯಿತು. ಹೌದು, ಹಗುರವೇ ಆಯಿತು.

ಕಳೆದ ತಿಂಗಳು ದಾಂಡೇಲಿಗೆ ಹೋಗಿದ್ದೆ. ಹಿತ್ತಲಲ್ಲಿ ವೈನಿ ಅರಿವಿ ಒಣಹಾಕುತ್ತಿದ್ದಳು. ಅರಿವಿಗೆ ಬೇರೆ ತಂತಿ ಕಟ್ಟಿದ್ದರು, ಎರಡೂ ತುದಿಗೆ ಬಿಳಿ ಪಿಂಗಾಣಿ ಗುಂಡು. ಗುರುತು ಹತ್ತಿತು. ಮಾಡಿನ ಮೇಲೆ ಮರದಿಂದ ಮರಕ್ಕೆ ಕಟ್ಟಿದ್ದ ಆಂಟೆನಾ ತಂತಿ ಅದು.

"ಯಾಕ ವೈನಿ ಇದನ್ನ ಇಳಿಸಿದ್ರಿ?"

"ಅವರ ಇಳಿಸಿದ್ರು. ಎರಡ ವರ್ಷ ಆಗಾಕ ಬಂತು, ರೇಡಿಯೋ ಮುಟ್ಟಿಲ್ಲ. 'ನಾ ಅದೀನಿ ಅಂತ ಅಲ್ಲಿ ಯಾರೂ ನಂಬಲಿಲ್ಲ, ಅರಿವಿ ಆದ್ರೂ ಒಣಗಲಿ' ಅಂದ್ರು." ಒಂದು ದುಪ್ಪಡಿ ಝಾಡಿಸಿ ಹಾಕಿದಳು. "ಈಗ ಹಚ್ಚಿದ್ರ ತಾನ ಏನ ಉಪಯೋಗ? ಮಿಲ್ಲಿನ ಭೋಂಗಾ ಹೊಡದ್ರೂ ಅವರಿಗೆ ಕೇಳೂದಿಲ್ಲ."

ಲೆಕ್ಕ ಹಾಕಿ ನೋಡಿ. ಕಿವಿ ಇದ್ದ ಕೊನೆಯ ದಿನಗಳಲ್ಲಿ ಅಣ್ಣ ರೇಡಿಯೋ ಮುಟ್ಟಲಿಲ್ಲ. ಯಾರಿಂದ?

ಮುಂಡಗೋಡಕ್ಕೆ ವಾಪಸು ಬಂದ ದಿನವೇ ಡ್ರಾ ಎಳೆದೆ. ಹೊಸ ಅರ್ಜಿ ಹಾಕಿದೆ. ಕೀಲಿಯನ್ನು ಎರಡು ಪೆನ್‌ಡ್ರೈವಿಗೆ ಹಾಕಿಟ್ಟೆ. ನಾಲ್ಕೇ ದಿನಕ್ಕೆ ಸರ್ಟಿಫಿಕೇಟ್ ಬಂತು, ಈ ಸಲ ಹೊಂದಿತು. ಅಂಗಡಿ ಮುಚ್ಚಿ, ಮಗಳ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ದಾಂಡೇಲಿ ಬಸ್ ಹತ್ತಿದೆ.

ಅಣ್ಣ ಪರದೆ ನೋಡಿದ. ತನ್ನ ಸ್ಟೇಷನ್ನಿನ ಗುರುತನ್ನು ಬೆರಳಿಟ್ಟು ಓದಿದ. ಹಳೆಯ ಲಾಗ್ ಪುಸ್ತಕ ತಂದ. ಕಾರ್ಡು ಬಾರದ ಆರು ದೇಶದ್ದನ್ನು ಅವನು ಓದಿ ಹೇಳಿದ, ನಾನು ಆರು ಸಾಲು ತುಂಬಿ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಆರೂ ತಾಳೆಯಾದವು. ಅಲ್ಲಿಯ ಆರೂ ಜನ ತಮ್ಮ ಪಾಲಿನದನ್ನು ಮಾತಾಡಿದ ವಾರವೇ ಹಾಕಿಟ್ಟಿದ್ದರು. ಅವರು ಅವನನ್ನು ಯಾವತ್ತೋ ನಂಬಿದ್ದರು.

ನೂರು. ಅಣ್ಣ ಕಣ್ಣು ಒರೆಸಿಕೊಂಡ. ಕಿವಿ ಕೇಳದವರ ದನಿಯಲ್ಲಿ, ತನ್ನ ದನಿ ಎಷ್ಟು ಎತ್ತರ ಅಂತ ಗೊತ್ತಾಗದೆ, ಜೋರಾಗಿಯೇ ಅಂದ: "ನೀ ಬಿಡದ ಬೆನ್ನ ಹತ್ತಿದ್ದಕ್ಕ ಬಂತು ನೋಡ ತಂಗಿ. ಆದ್ರ ಆ ಆಫೀಸಿನವರು ಎರಡ ವರ್ಷ ಯಾಕ ತಡಾ ಮಾಡಿದ್ರು?"

ವೈನಿ ಚಹಾ ಹಿಡಿದು ನಿಂತಿದ್ದಳು. ಅವಳೂ ನನ್ನನ್ನು ಮೆಚ್ಚಿ ನೋಡುತ್ತಿದ್ದಳು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಶಹಬ್ಬಾಸ್‌ಗಿರಿ ತಗೊಂಡು ಸಂಜೆ ಬಸ್ಸಿಗೆ ಬರಬಹುದಿತ್ತು.

"ಅವರಲ್ಲಣ್ಣಾ, ನಾನು," ಅಂದೆ, ಗಂಟಲಲ್ಲೇ.

"ಏನಂದಿ?"

ತಪ್ಪನ್ನು ಯಾರೂ ಒದರಿ ಒಪ್ಪಿಕೊಳ್ಳುವುದಿಲ್ಲ. ತಲೆ ತಗ್ಗಿಸಿ, ಎದುರಿನವರಿಗಷ್ಟೇ ಕೇಳುವ ಹಾಗೆ ಹೇಳಿ ಮುಗಿಸುತ್ತೇವೆ. ನನಗೆ ಆ ಸವಲತ್ತು ಇರಲಿಲ್ಲ. ಇನ್ನೊಮ್ಮೆ ಅಂದೆ. ಕೇಳಲಿಲ್ಲ. ಕಿವಿಯ ಹಿಂದೆ ಕೈ ಇಟ್ಟು ಅಣ್ಣ ಮುಂದಕ್ಕೆ ಬಾಗಿದ.

"ಜೋರ್ ಹೇಳ ಬೇ! ನಿನ್ನ ಬಾಯಿ ಏನಾಗೈತಿ?"

ಕಿಟಕಿ ತೆರೆದಿತ್ತು. ಎದುರುಮನೆಯವರು ಕಟ್ಟೆಯ ಮೇಲೆ ಕೂತಿದ್ದರು. ಎದ್ದು ನಿಂತು, ಓಣಿಗೆಲ್ಲ ಕೇಳುವಷ್ಟು ದನಿ ತೆಗೆದು ಹೇಳಿದೆ:

"ಅವರು ಅವಾಗ ಕೊಟ್ಟಿದ್ರಣ್ಣಾ! ನಾನ ಕೆಡಿಸಿದೆ, ನಾನ ಮುಚ್ಚಿಟ್ಟೆ! ತಪ್ಪಾತು, ನಂದ ತಪ್ಪಾತು!"